ಎಡಗಡೆ ನಿಂತ ಮಾಸ್ತರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡುತ್ತೇನೆ, ಅದಕ್ಕೇನು ಬರವಿಲ್ಲ. ನಮ್ಮ ನಾಟಕದ ಮಾಸ್ತರ ಒಳ್ಳೆಯತನ ಹೇಳಲು ಕೂತರೆ ಸಂಜೆಯಾದೀತು. ಆದರೆ ಅಷ್ಟನ್ನೇ ಹೇಳಿ ಎದ್ದು ಹೋಗುವ ಮನುಷ್ಯ ನಾನಲ್ಲ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು ತರಬೇತಿಯ ಹಾಜರಿ ಪುಸ್ತಕ ತೆಗೆದೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬಾದಾಮಿ ಸೀಮೆಯಲ್ಲಿ ದೊಡ್ಡಾಟ ನೋಡಿದವರಿಗೆ ಹೆಸರು ಬೇಕಾಗಿಲ್ಲ, ನೋಡದವರಿಗೆ ಹೇಳಿ ಪ್ರಯೋಜನವಿಲ್ಲ.

ನಮ್ಮದು ಹುನಗುಂದ ದಾಟಿ ಇಳಕಲ್ಲಿಗೆ ಹೋಗುವ ದಾರಿಯಲ್ಲಿರುವ ಗ್ರಾನೈಟ್ ಕಾರ್ಖಾನೆ. ಕೆಂಪು ಕಲ್ಲಿನ ದಿಮ್ಮಿಗಳನ್ನು ಕೊಯ್ದು, ತಿಕ್ಕಿ, ಹೊಳಪು ಬರಿಸಿ ಕಳಿಸುತ್ತೇವೆ. ಆಗ ನಾನು ಅಲ್ಲಿ ಹಾಜರಿ ಬರೆಯುವ ಗುಮಾಸ್ತ. ಒಂದು ದಿನ ಸಣ್ಣ ಸಾಹುಕಾರರು, ಅಂದರೆ ಮಾಲೀಕರ ಮಗ, ಹೊಸ ವಿಚಾರವೊಂದನ್ನು ತಂದರು. ಕೆಲಸಗಾರರಿಗೆ ಕಲೆ ಕಲಿಸಬೇಕು, ಕಲೆ ಕಲಿತರೆ ತಲೆ ಚುರುಕಾಗುತ್ತದೆ, ಹೆದರಿಕೆ ಹೋಗುತ್ತದೆ, ಕೆಲಸದಲ್ಲಿ ಹೊಸತು ಹೊಳೆಯುತ್ತದೆ ಎಂದರು. ಬಾದಾಮಿಯ ಮಾಸ್ತರ ಮೇಳಕ್ಕೂ ನಮ್ಮ ಕಂಪನಿಗೂ ಒಪ್ಪಂದವಾಯಿತು. ಪ್ರತಿ ಗುರುವಾರ ಮೊದಲ ಪಾಳಿ ಮುಗಿದ ಮೇಲೆ ಎರಡು ತಾಸು ತರಬೇತಿ. ಅದರ ಮೇಲ್ವಿಚಾರಣೆ ನನ್ನ ತಲೆಗೆ ಬಂತು. ಫೋರಮನ್ ನಕ್ಕುಬಿಟ್ಟ. "ಕಲ್ಲು ಕೊಯ್ಯೋರಿಗೆ ಕುಣಿಯೋದು ಕಲಸ್ತಾರಂತ! ನಾಳೆ ಕಟರ್ ಮಷೀನಿಗೂ ಗೆಜ್ಜಿ ಕಟ್ಟೋಣೇನೋ ಈರಣ್ಣ?" ಎಂದ.

ಮೊದಲ ಗುರುವಾರ ಮಾಸ್ತರು ಬಸ್ಸಿನಿಂದ ಇಳಿದು ಗೇಟಿಗೆ ಬಂದರು. ಬಿಳಿ ನೆಹರೂ ಶರ್ಟು, ಪಾಯಿಜಾಮ, ಬಗಲಲ್ಲಿ ರೊಟ್ಟಿಯ ಗಂಟು. ಕಾವಲುಗಾರ ಯಾರು, ಎಲ್ಲಿಂದ ಬಂದಿರಿ, ಏನು ಕೆಲಸ ಎಂದು ಕೇಳಿದ. ಬೇರೆಯವರಾಗಿದ್ದರೆ ಮುಖ ಗಂಟು ಹಾಕುತ್ತಿದ್ದರು. ಮಾಸ್ತರು ಅವನ ಬೆನ್ನು ಚಪ್ಪರಿಸಿದರು. "ಬರೋಬ್ಬರಿ ಕೇಳಿದಿ ನೋಡು! ದೊಡ್ಡಾಟದಾಗ ಸಾರಥಿ ಕೇಳೋದೂ ಇದನ್ನ. ಈ ಕಾರ್ಖಾನ್ಯಾಗ ನೀನ ನನ್ನ ಮೊದಲನೇ ಶಿಷ್ಯ," ಎಂದರು. ಆ ಕಾವಲುಗಾರ ಮುಂದೆ ಅವರು ಬರುವ ಗುರುವಾರ ಮೀಸೆ ತೀಡಿಕೊಂಡು ನಿಲ್ಲುತ್ತಿದ್ದ.

ಅವರ ಪಾಠ ಶುರುವಾದದ್ದೂ ಆ ಪ್ರಶ್ನೆಯಿಂದಲೇ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬರುವಾಗ ಮುಂದೆ ಪರದೆ ಹಿಡಿಯುತ್ತಾರೆ. ಸಾರಥಿ ಈಚೆ ನಿಂತು, ಬಂದವರು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಮಾಸ್ತರು ಕ್ಯಾಂಟೀನಿನಲ್ಲಿ ಇಬ್ಬರ ಕೈಗೆ ಹಾಸಿಗೆಯ ಚಾದರ ಕೊಟ್ಟು ಪರದೆ ಹಿಡಿಸಿದರು. ಒಬ್ಬೊಬ್ಬರೇ ಅದರ ಹಿಂದೆ ನಿಂತು ತಾವು ಯಾರೆಂದು ಹೇಳಬೇಕು. ಪಾಲಿಶ್ ಮಾಡುವವನೊಬ್ಬನಿದ್ದ. ಹನ್ನೆರಡು ವರ್ಷದಲ್ಲಿ "ಹೂಂರಿ" ಬಿಟ್ಟು ಎರಡನೇ ಮಾತು ಆಡಿದವನಲ್ಲ. ಅವನು ಚಾದರದ ಹಿಂದಿನಿಂದ, "ನಾ ಕಲ್ಲಿನ ಮಾರಿ ತೊಳಿಯಾಂವ್ರಿ. ನನ್ನ ಮಾರಿ ಅದರಾಗ ಕಾಣೂತನಾ ತಿಕ್ಕಾಂವ," ಎಂದ. ಚಾದರ ಹಿಡಿದಿದ್ದ ಇಬ್ಬರೂ ಅದನ್ನು ಇಳಿಸಿ ಅವನ ಮುಖವನ್ನೇ ನೋಡಿದರು. ಆರು ತಿಂಗಳ ಮೇಲೆ ಅದೇ ಮನುಷ್ಯ ಫೋರಮನ್ನನ ಎದುರು ನಿಂತು, ನೀರಿನ ನಳವನ್ನು ಇನ್ನೊಂದು ಕಡೆಗೆ ತಿರುಗಿಸಿದರೆ ಕಲ್ಲಿಗೆ ಗೆರೆ ಬೀಳುವುದಿಲ್ಲ ಎಂದು ಮಾಡಿ ತೋರಿಸಿದ. ಅಷ್ಟು ವರ್ಷದಿಂದ ಅವನಿಗೆ ಅದು ಗೊತ್ತಿತ್ತಂತೆ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ನನ್ನ ಕಥೆಯೂ ಅಷ್ಟೇ. ನಾಲ್ಕು ಜನರ ಮುಂದೆ ನಿಂತರೆ ನನ್ನ ದನಿಯೇ ಏಳುತ್ತಿರಲಿಲ್ಲ. ಮೈಕಿನಲ್ಲಿ ಪಾಳಿಯ ಪಟ್ಟಿ ಓದುವಾಗ ಕಾಗದ ನಡುಗುವ ಸಪ್ಪಳ ನನ್ನ ದನಿಗಿಂತ ಜೋರಾಗಿ ಕೇಳುತ್ತಿತ್ತು. ಮಾಸ್ತರು ನನ್ನನ್ನು ಇಳಕಲ್ಲಿನ ಸಂತೆಗೆ ಕರೆದೊಯ್ದು, ಬದನೆಕಾಯಿ ಮಾರುವ ಮುದುಕಿಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿ, ಅಲ್ಲಿಂದಲೇ ಧಾರಣೆ ಕೇಳು ಎಂದರು. ಮೂರು ಸಲ ಕೇಳಿದೆ, ಆಕೆ ತಲೆ ಎತ್ತಲಿಲ್ಲ. ನಾಲ್ಕನೇ ಸಲ ಹೊಟ್ಟೆಯಿಂದ ದನಿ ತೆಗೆದೆ. ಮುದುಕಿ ಬೆಚ್ಚಿಬಿದ್ದು, "ಯಾಕೋ ಯಪ್ಪಾ ಹಿಂಗ ಒದರ್ತಿ? ನನಗ ಕಿವಿ ಅದಾವು!" ಎಂದು ಬೈದಳು. ಮಾಸ್ತರು ಸಂತೆಯ ನಡುವೆ ಚಪ್ಪಾಳೆ ತಟ್ಟಿ, "ಬಂತಲೇ ಮಗನ ದನಿ!" ಎಂದು ನನ್ನನ್ನು ತಬ್ಬಿಕೊಂಡರು. ನನ್ನ ಹೆತ್ತ ತಂದೆಯೂ ಹಾಗೆ ತಬ್ಬಿಕೊಂಡವನಲ್ಲ. ಇವತ್ತು ನಾನು ಇನ್ನೂರು ಜನರ ಮುಂದೆ ಚೀಟಿಯಿಲ್ಲದೆ ಮಾತಾಡುತ್ತೇನೆ ಎಂದರೆ ಅದು ಆ ಮನುಷ್ಯ ಕೊಟ್ಟದ್ದು. ಇದನ್ನು ಇಲ್ಲವೆಂದರೆ ನನ್ನ ನಾಲಿಗೆ ಸೇದಿಹೋಗಲಿ.

ಅವರಿಗಿದ್ದ ಒಂದೇ ಚಟ ಚಪ್ಪಾಳೆಯದು. ಬೀಡಿ ಸೇದಿದವರಲ್ಲ, ಕುಡಿದವರಲ್ಲ. ಆದರೆ ಯಾವ ಆಟ ಮುಗಿದರೂ "ಹೆಂಗಾತು?" ಎಂದು ಮೂರು ಸಲ ಕೇಳುವರು. ಮೂರನೇ ಸಲ "ಭಾರಿ ಆತ್ರಿ" ಎನ್ನುವವರೆಗೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಕಥೆ ಹೇಳುವಾಗಲೂ ಹಾಗೆಯೇ. ಆಟದ ನಡುವೆ ರಂಗಕ್ಕೆ ಹಾವು ಬಂದ ಕಥೆಯೊಂದಿತ್ತು. ಒಮ್ಮೆ ಅದು ಶಿವಯೋಗ ಮಂದಿರದ ಆಟದಲ್ಲಿ ಬರುತ್ತಿತ್ತು, ಇನ್ನೊಮ್ಮೆ ಬೇವೂರಿನ ಆಟದಲ್ಲಿ. ಪ್ರತಿ ಸಲ ಒಂದು ಗೇಣು ಬೆಳೆದಿರುತ್ತಿತ್ತು. ನಾನೊಮ್ಮೆ ಕೆಣಕಿದೆ. "ಲೇ ಈರಣ್ಣ, ಬರೇ ಮಾರಿಲೆ ರಂಗಕ್ಕ ಹೋಗ್ತಾರೇನು? ಬಣ್ಣಾ ಹಚ್ಚಂಗಿಲ್ಲ? ಹಂಗ ಖರೇ ಮಾತಿಗೂ ಸ್ವಲ್ಪ ಬಣ್ಣಾ ಬೇಕಪಾ," ಎಂದು ನಕ್ಕರು. ನಾವೂ ನಕ್ಕೆವು. ನಮಗೇನು ಗೊತ್ತು!

ಈಗ ಯಮನಪ್ಪನ ವಿಷಯಕ್ಕೆ ಬರಬೇಕು. ಬೇವೂರಿನವನು, ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಮೊದಲ ನಾಲ್ಕು ವರ್ಷ ಹುನಗುಂದದಲ್ಲಿ ಇಬ್ಬರೂ ಒಂದೇ ಬಾಡಿಗೆ ಖೋಲಿಯಲ್ಲಿದ್ದೆವು. ಆಗ ಅವನ ಕಿವಿ ಎಂಥ ಕಿವಿ! ನಾನು ಇನ್ನೂ ಅಂಗಿ ಹಾಕಿಕೊಳ್ಳುತ್ತಿರುವಾಗಲೇ, "ಬಸ್ಸು ತಿರುವಿಗೆ ಬಂತು, ನಡಿ," ಎನ್ನುತ್ತಿದ್ದ. ಬಸ್ಸು ಬಂದೇ ಇರುತ್ತಿತ್ತು. ಕೊಯ್ಯುವ ಯಂತ್ರದ ಪಕ್ಕದಲ್ಲಿ ಒಂಬತ್ತು ವರ್ಷ ದುಡಿದ ಮೇಲೆ ಎಡಗಿವಿ ಮೆಲ್ಲಗೆ ಕೆಟ್ಟಿತು. ಅಷ್ಟರಲ್ಲಿ ಅವನನ್ನು ಕ್ರೇನಿಗೆ ಹಾಕಿದ್ದರು. ಮೇಲಿನ ಗೂಡಿನಲ್ಲಿ ಕೂತು ದಿಮ್ಮಿ ಎತ್ತುವ ಕೆಲಸ. ಕಿವಿಯ ಸುದ್ದಿ ಬಾಯಿಬಿಟ್ಟರೆ ಕೆಲಸ ಹೋದೀತೆಂದು ಹೆಂಡತಿಗೂ ನನಗೂ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮಾಸ್ತರು ಅದನ್ನು ಎರಡೇ ವಾರದಲ್ಲಿ ಹಿಡಿದರು. ಯಮನಪ್ಪನಿಗೆ ರಾಜನ ಪಾತ್ರ. "ಮ್ಯಾಲ ಕೂತು ರೂಢಿ ಐತಿ, ಇಂವನ ರಾಜ ಆಗ್ಲಿ," ಎಂದು ಅವರೇ ಆರಿಸಿದ್ದು. ಎಡಗಡೆಯಿಂದ ಮಂತ್ರಿ ಮಾತಾಡಿದರೆ ರಾಜ ಸುಮ್ಮನೆ ಕೂತಿರುತ್ತಿದ್ದ. ಮಾಸ್ತರು ಬೈಯಲಿಲ್ಲ. ಎಲ್ಲರನ್ನೂ ಚಹಾಕ್ಕೆ ಕಳಿಸಿ, ಅವನನ್ನೂ ನನ್ನನ್ನೂ ಕೂರಿಸಿಕೊಂಡು ಕೇಳಿದರು. ಯಮನಪ್ಪ ಅತ್ತುಬಿಟ್ಟ. ಕಟರ್ ಯಂತ್ರ, ಒಂಬತ್ತು ವರ್ಷ, ಹೆದರಿಕೆ, ಎಲ್ಲವನ್ನೂ ಹೇಳಿದ.

"ಸರ, ಇದು ಯಾರಿಗೂ ಗೊತ್ತಾಗಬಾರದ್ರಿ," ಎಂದು ನಾನು ಕೈಮುಗಿದೆ.

"ಹುಚ್ಚದಿ ಏನು? ಪರದೆ ಹಿಂದಿನ ಮಾತು ಪರದೆ ಹಿಂದ," ಎಂದರು ಮಾಸ್ತರು. ಯಮನಪ್ಪನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದರು.

ಆಮೇಲೆ ಅವರು ಮಾಡಿದ ಉಪಾಯ ನೋಡಿ. ಮಂತ್ರಿ ತನ್ನ ಮಾತು ಮುಗಿಸಿ ಹಲಗೆಯ ಮೇಲೆ ಹಿಮ್ಮಡಿ ಒತ್ತಬೇಕು. ಆ ಸದ್ದು ರಾಜನ ಪಾದಕ್ಕೆ ಮುಟ್ಟುತ್ತದೆ, ರಾಜ ಮಾತು ಎತ್ತಿಕೊಳ್ಳುತ್ತಾನೆ. ನೋಡುವವರಿಗೆ ಗತ್ತಿನ ಹೆಜ್ಜೆಯಂತೆ ಕಾಣುತ್ತಿತ್ತು. ಅಷ್ಟಕ್ಕೇ ಬಿಡಲಿಲ್ಲ. ದೂರದವರಿಗೂ ತಿಳಿಯುವಂತೆ ಕೈ ಆಡಿಸುವುದನ್ನು ಎಲ್ಲರಿಗೂ ಕಲಿಸಿದರು. ಅದನ್ನು ನಮ್ಮ ಹುಡುಗರು ಕ್ರೇನಿನ ಕೆಳಗೆ ತಂದರು. ಅಲ್ಲಿಯವರೆಗೆ ಆ ಗದ್ದಲದಲ್ಲಿ ಕೂಗಾಡಿ, ಶಿಳ್ಳೆ ಹೊಡೆದು ದಿಮ್ಮಿ ಇಳಿಸುತ್ತಿದ್ದರು. ಮೂಲೆ ಒಡೆಯದೆ ಕೆಳಗಿಳಿದ ದಿಮ್ಮಿಯೇ ಕಡಿಮೆ. ಈಗ ಕೆಳಗಿದ್ದವನು ರಂಗದ ಮೇಲಿನ ಹಾಗೆ ಕೈ ತೋರಿಸುವನು, ಮೇಲೆ ಯಮನಪ್ಪ ನೋಡಿ ಕೂಸನ್ನು ಮಲಗಿಸಿದಂತೆ ದಿಮ್ಮಿ ಇಳಿಸುವನು. ನಕ್ಕಿದ್ದ ಫೋರಮನ್ನೇ ಸಣ್ಣ ಸಾಹುಕಾರರನ್ನು ಕರೆತಂದು ತೋರಿಸಿದ. ಬೇರೆ ಕಾರ್ಖಾನೆಯವರು ನೋಡಲು ಬಂದರು. ಕಲೆಯಿಂದ ಕೆಲಸ ಸುಧಾರಿಸುತ್ತದೆ ಎನ್ನುವುದು ಭಾಷಣದ ಮಾತಲ್ಲ, ನಾನು ಕಣ್ಣಾರೆ ಕಂಡದ್ದು.

ವಾರ್ಷಿಕೋತ್ಸವದ ದಿನ ಆಟ ಭರ್ಜರಿಯಾಯಿತು. ಮೂರು ಕಾರ್ಖಾನೆಗಳ ಮಾಲೀಕರು ಮುಂದಿನ ಸಾಲಿನಲ್ಲಿದ್ದರು. ಮಾಸ್ತರ ಮೇಳದಲ್ಲಿ ಒಂದು ಪದ್ಧತಿ ಇತ್ತು. ಮಂಗಳ ಹಾಡಿದ ಮೇಲೆ ಒಬ್ಬೊಬ್ಬ ಪಾತ್ರಧಾರಿಯನ್ನೂ ಕೈಹಿಡಿದು ಮುಂದೆ ತಂದು, ಇವನು ಎಷ್ಟು ಕಷ್ಟಪಟ್ಟು ಕಲಿತ ಎಂದು ಸಭೆಗೆ ಹೇಳುವುದು. ಮಂತ್ರಿಗೆ ಚಪ್ಪಾಳೆ ಬಿತ್ತು, ದೂತನಿಗೆ ಬಿತ್ತು. ಕೊನೆಗೆ ಮಾಸ್ತರು ಯಮನಪ್ಪನ ಎಡಗೈ ಹಿಡಿದು, ಅವನ ಎಡಮಗ್ಗುಲಲ್ಲಿ ನಿಂತು, ಮೈಕು ತೆಗೆದುಕೊಂಡರು.

"ಇಂವಾ ನಮ್ಮ ಯಮನಪ್ಪ, ಕ್ರೇನ್ ಹೊಡಿಯಾಂವ. ರಾಜನ್ನ ನೋಡಿದ್ರೆಲ್ಲ? ಇಂವಗ ಹುಟ್ಟಿದ ಗಳಿಗಿಂದ ಎಡಗಿವಿ ಕೇಳಸಂಗಿಲ್ಲ! ಹಡದವ್ವನ ಜೋಗುಳಾನೂ ಅರ್ಧಾ ಕೇಳಿ ಬೆಳದಾನ! ಅಂಥಾವಗ ನಾ ಹೆಜ್ಜಿ ಸಪ್ಪಳದಾಗ ಮಾತು ಕಲಿಸೇನಿ!"

ಪೆಂಡಾಲು ಎದ್ದು ನಿಂತಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನವರೆಲ್ಲ ಫೋನು ಎತ್ತಿ ಹಿಡಿದಿದ್ದರು. ಯಮನಪ್ಪ ನಗುತ್ತ ನಾಲ್ಕೂ ದಿಕ್ಕಿಗೆ ಕೈಮುಗಿದ. ಪಕ್ಕದಲ್ಲಿದ್ದ ಅವನ ಹೆಂಡತಿ, "ಹಂಗ್ಯಾಕ ಅಂದ್ರೋ ಅಣ್ಣಾ? ಹುಟ್ಟಿದಾಗಿಂದ ಅಂತ ಯಾಕಂದ್ರು?" ಎಂದು ನನ್ನ ತೋಳು ಹಿಡಿದಳು.

"ಬಣ್ಣಾ ತಂಗೆವ್ವಾ. ಆಟದಾಗ ಬಣ್ಣಾ ಹಚ್ಚತಾರ," ಎಂದೆ. ಇನ್ನೇನು ಹೇಳಲಿ?

ರಂಗದ ಹಿಂದೆ ಯಮನಪ್ಪ ನನ್ನನ್ನು ಕೇಳಿದ: "ಮಾಸ್ತರು ಏನಂದ್ರೋ? ಎಡಕ್ಕ ನಿಂತಿದ್ರು, ಸ್ಪೀಕರ್ ಎಲ್ಲಾ ಮಂದಿ ಕಡೆ ಇದ್ವು, ಒಂದೂ ಕೇಳಲಿಲ್ಲ. ಮಂದಿ ಭಾಳ ಚಪ್ಪಾಳಿ ಹೊಡದ್ರು." ನಾನು ಹೇಳಿದೆ. ಅವನ ಮುಖದ ಬಣ್ಣದ ಮೇಲೆ ಬೆವರು ಇಳಿಯಿತು. ಅತ್ತ ಮಾಸ್ತರು "ಹೆಂಗಾತು? ಹೆಂಗಾತು?" ಎನ್ನುತ್ತ ನಮ್ಮ ಕಡೆಗೇ ಬರುತ್ತಿದ್ದರು.

ಆ ವಿಡಿಯೋ ಕಂಪನಿಯ ಆಫೀಸಿಗೆ ಮುಟ್ಟಿ, ಹತ್ತು ದಿನಕ್ಕೆ ಯಮನಪ್ಪನ ಮೇಲೆ ಚೌಕಶಿ, ಅಂದರೆ ವಿಚಾರಣೆ, ನಡೆಯಿತು. ದವಾಖಾನೆಯ ಚೀಟಿಯಲ್ಲಿ ಎಡಗಿವಿ ಕೇಳುವುದಿಲ್ಲ ಎಂದಿತ್ತು, ಯಾವಾಗಿನಿಂದ ಎಂದಿರಲಿಲ್ಲ. ನಿಯಮ ಸರಳ. ಕಾರ್ಖಾನೆಯ ಕೆಲಸದಿಂದ ಕಿವಿ ಹೋಗಿದ್ದರೆ ಕಂಪನಿ ಕೆಳಗೆ ಬೇರೆ ಕೆಲಸ ಕೊಡಬೇಕು. ಹುಟ್ಟಿನಿಂದಲೇ ಹೋಗಿದ್ದರೆ, ಸೇರುವಾಗ ಮುಚ್ಚಿಟ್ಟ ತಪ್ಪಿಗೆ ಮನೆಗೆ ಕಳಿಸಬಹುದು. ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಚ್ಚಿದರು. ಮಾಸ್ತರ ದನಿ ಆ ಸಣ್ಣ ಕೋಣೆಯಲ್ಲಿ ಗುಡುಗಿತು.

"ಕ್ರೇನ್ ಬ್ಯಾಡ ಅಂದ್ರ ಬಿಡ್ತೇನ್ರಿ ಸಾಹೇಬ್ರ. ಕೆಳಗ ಏನರ ಕೆಲಸ ಕೊಡ್ರಿ. ಹುಟ್ಟಾ ಕಿವುಡ ಅಲ್ರಿ ನಾ. ಮಾಸ್ತರು ಅಂದದ್ದು ಆವತ್ತ ನನಗ ಕೇಳಸಲಿಲ್ರಿ," ಎಂದ ಯಮನಪ್ಪ.

"ಮತ್ತ ಆವತ್ತ ಕೈ ಮುಗದೀಯಲ್ಲಪಾ, ನೋಡಿಲ್ಲೆ. ಸುಳ್ಳಿದ್ರ ಅಲ್ಲೇ ಹೇಳಬೇಕಿತ್ತು," ಎಂದರು ಮ್ಯಾನೇಜರ್. ಆಮೇಲೆ, "ಮೊದಲು ಕಿವಿ ಕೇಳಸ್ತಿತ್ತು ಅಂತ ಹೇಳೋರು ಯಾರರ ಅದಾರೇನು?" ಎಂದು ಕೇಳಿದರು.

ನಾನು ಆ ಚೌಕಶಿಯ ವರದಿ ಬರೆಯುತ್ತಿದ್ದೆ. ಬರೆಯುವವನು ನಡುವೆ ಬಾಯಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ತಲೆ ಬಗ್ಗಿಸಿ ಪ್ರಶ್ನೆಯನ್ನು ಬರೆದುಕೊಂಡೆ. ಯಮನಪ್ಪ ಒಂದು ಗಳಿಗೆ ಸುಮ್ಮನಿದ್ದು, "ಮಾಸ್ತರನ್ನ ಕೇಳ್ರಿ. ಅವ್ರಿಗೆ ಎಲ್ಲಾ ಗೊತ್ತೈತಿ," ಎಂದ. ಮಾಸ್ತರಿಂದ ಬರೆಸಿಕೊಂಡು ಬಾ ಎಂದು ಒಂದು ವಾರದ ವಾಯಿದೆ ಕೊಟ್ಟರು.

ಭಾನುವಾರ ಇಬ್ಬರೂ ಬಾದಾಮಿಗೆ ಹೋದೆವು. ಮಾಸ್ತರು ಬಾಗಿಲಿಗೇ ಬಂದು ಯಮನಪ್ಪನನ್ನು "ಬಾರೋ ನನ್ನ ರಾಜಾ" ಎಂದು ಒಳಗೆ ಕರೆದರು. ಅವಲಕ್ಕಿ ಬಂತು, ಚಹಾ ಬಂತು. ನಾನು ವಿಷಯ ಹೇಳಿದೆ. ಹೆಚ್ಚೇನಿಲ್ಲ, ಎರಡು ಸಾಲು: ಹುಟ್ಟಿನಿಂದ ಎಂದದ್ದು ಆಟದ ಹುರುಪಿನಲ್ಲಿ ಆಡಿದ ಮಾತು, ಕಟರ್ ಯಂತ್ರದಿಂದ ಕಿವಿ ಹೋಯಿತೆಂದು ಯಮನಪ್ಪ ಮಾಸ್ತರಿಗೆ ಮೊದಲೇ ಹೇಳಿದ್ದ. ಅಷ್ಟು ಬರೆದು ಸಹಿ ಮಾಡಿದರೆ ಸಾಕು. ಮಾಸ್ತರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು.

"ಈರಣ್ಣ, ಮಾಲಕರ ಮುಂದ ಸುಳ್ಳು ಹೇಳೇನಿ ಅಂತ ನನ್ನ ಕೈಯಾರೆ ಬರಕೊಡ್ಲೇನು? ಇನ್ನ ಎರಡು ಕಾರ್ಖಾನ್ಯಾವ್ರು ಕರದಾರ. ನನ್ನ ಮ್ಯಾಳದಾಗ ಹದಿನಾಲ್ಕ ಮಂದಿ ಅದಾರ. ಇಷ್ಟ ವರ್ಷದ ಮ್ಯಾಲೆ ಅವರಿಗೆ ಒಂದ್ ನೆಲಿ ಆಗೇತಿ. ಅದನ್ನ ಕಳೀಲೇನು?"

"ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದ್ರೆಲ್ರೀ ಸರ!"

"ಮಾಡಿದ್ದೆ," ಎಂದರು. ಕಣ್ಣಲ್ಲಿ ನೀರೂ ಬಂತು. ಅದು ಖರೆ ನೀರೋ ಬಣ್ಣವೋ ನನಗೆ ಇವತ್ತಿಗೂ ತಿಳಿದಿಲ್ಲ. "ಮಂದಿ ಎದ್ದ ನಿಂತಿದ್ರಪಾ. ಬಾಯಿಂದ ಬಂದಬಿಡ್ತು. ಯಮನಪ್ಪಾ, ನೀ ನನ್ನ ಮ್ಯಾಳಕ್ಕ ಬಾ. ನಿನ್ನ ರಾಜನ ಮಾಡ್ತೇನಿ."

ಕೆಲಸ ಹೋಗುತ್ತಿರುವವನಿಗೆ ರಾಜನ ಪಾತ್ರ! ನನ್ನ ಮೈ ಉರಿಯಿತು. ಎದ್ದು ಹೊರಗೆ ಬಂದೆ. ಯಮನಪ್ಪ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದ. ಬಸ್ಸಿನಲ್ಲಿ ಹುನಗುಂದದವರೆಗೂ ನಾನು ಮಾಸ್ತರಿಗೆ ಹಿಡಿಶಾಪ ಹಾಕಿದೆ. ಅವನು ಕಿಟಕಿಯಿಂದಾಚೆ ನೋಡುತ್ತಿದ್ದ. ನಾನು ಅವನ ಎಡಗಡೆ ಕೂತಿದ್ದೇನೆಂದು ನನಗೆ ತಡವಾಗಿ ಹೊಳೆಯಿತು.

ಯಮನಪ್ಪ ಕೆಲಸ ಕಳೆದುಕೊಂಡು ಊರಿಗೆ ಹೋಗಿ ಹಿಟ್ಟಿನ ಗಿರಣಿಯಲ್ಲಿ ಸೇರಿದ. ಮಾಸ್ತರು ಮತ್ತೆರಡು ವರ್ಷ ಗುರುವಾರ ಗುರುವಾರ ಬಂದರು. ನಾನು ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಿದ್ದೆ. ಒಮ್ಮೆ ಗೇಟಿನಲ್ಲಿ ಅಡ್ಡ ಹಾಕಿ, "ಮಾತು ಕಲಿಸಿದವನ ಜೋಡಿ ಮಾತು ಬಿಟ್ಟೀಯಲ್ಲೋ," ಎಂದರು. ನಾನು ಪಕ್ಕಕ್ಕೆ ಸರಿದು ಒಳಗೆ ನಡೆದೆ. ಅಷ್ಟರಲ್ಲಿ ನನ್ನನ್ನು ತರಬೇತಿ ವಿಭಾಗಕ್ಕೆ ಬಡ್ತಿ ಕೊಟ್ಟು ಹಾಕಿದ್ದರು.

ಅದಕ್ಕೇ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮಾಸ್ತರ ಶ್ರದ್ಧಾಂಜಲಿ ಸಭೆ ಇಟ್ಟಾಗ ಕಂಪನಿಯ ಪರವಾಗಿ ಮಾತಾಡುವ ಕೆಲಸ ನನಗೆ ಬಂತು. ಕಾಲೇಜಿನ ಸಭಾಗೃಹ ತುಂಬಿತ್ತು. ಸಣ್ಣ ಸಾಹುಕಾರರು ಫೋಟೋಕ್ಕೆ ಹಾರ ಹಾಕಿ, ಎರಡು ಮಾತಾಡಿ, ಬೇರೆ ಕೆಲಸವಿದೆಯೆಂದು ಹೊರಟರು. ಅವರ ಕಾರು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿ ಮೈಕಿನ ಮುಂದೆ ನಿಂತೆ. ತಡೆದುಕೊಳ್ಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಸಂತೆಯ ಮುದುಕಿಯನ್ನು ಹೇಳಿದೆ, ಹೆಜ್ಜೆಯ ಸದ್ದನ್ನು ಹೇಳಿದೆ. ಆಮೇಲೆ ದನಿ ಎತ್ತಿ, "ಈ ಮನಷ್ಯಾ ಒಂದ್ ಸುಳ್ಳು ಹೇಳಿದಾ. ಯಮನಪ್ಪ ಹುಟ್ಟಾ ಕಿವುಡ ಅಲ್ಲ. ಅವನ ಕಿವಿ ನಮ್ಮ ಕಾರ್ಖಾನಿ ತಿಂತು. ಇದು ಮಾಸ್ತರಿಗೆ ಗೊತ್ತಿತ್ತು. ಎರಡು ಸಾಲು ಬರಕೊಡಲಿಲ್ಲ!" ಎಂದೆ. ನಾನು ಇಳಿಯುವಾಗ ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಮೇಳದ ಮುದುಕ ಮದ್ದಳೆಗಾರ ನನ್ನ ಎರಡೂ ಕೈ ಹಿಡಿದು, "ಮಾಸ್ತರ ತಯಾರಿ ಅಂದ್ರ ಇದ ನೋಡ್ರಿ. ಏನ್ ದನಿ, ಏನ್ ಗತ್ತು!" ಎಂದ.

ಹೊರಗೆ ಮೆಟ್ಟಿಲ ಮೇಲೆ ಯಮನಪ್ಪ ನಿಂತಿದ್ದ. ಅಂಗಿಯ ತೋಳಿನಲ್ಲಿ ಹಿಟ್ಟು ಹಾಗೇ ಇತ್ತು. ಅವನು ಬಂದಿರುತ್ತಾನೆಂದು ನಾನು ಎಣಿಸಿರಲಿಲ್ಲ. ಬಲಗಡೆಗೆ ಹೋಗಿ ನಿಂತೆ.

"ಕೇಳಿಸ್ತೇನೋ?"

"ಎಲ್ಲಾ ಕೇಳಿಸ್ತು. ಮೈಕ್ ಇತ್ತಲ್ಲ."

"ಎಲ್ಲಾರ ಮುಂದ ಹೇಳಿಬಿಟ್ನೆಪಾ ಇವತ್ತು. ಮನಸು ಹಗರಾತು."

ಅವನು ತಲೆಯಾಡಿಸಿದ. ಚಪ್ಪಲಿ ಮೆಟ್ಟಿಕೊಂಡು ಎರಡು ಮೆಟ್ಟಿಲು ಇಳಿದು, ತಿರುಗಿ ನಿಂತ. ಸಿಟ್ಟಿನ ದನಿ ಇರಲಿಲ್ಲ.

"ಮಾಸ್ತರು ನನಗ ಒಂದ್ ವರ್ಷದ ಗುರ್ತು ಈರಣ್ಣ. ನೀ ನನ್ನ ಜೋಡಿ ನಾಕ ವರ್ಷ ಒಂದ ಖೋಲ್ಯಾಗ ಇದ್ದಾಂವ. ಹೇಳೋರು ಯಾರರ ಅದಾರೇನು ಅಂತ ಮ್ಯಾನೇಜರ್ ಕೇಳಿದಾಗ, ನಾ ನಿನ್ನ ಮಾರೀನ ನೋಡಿದ್ದೆ."